ಸರದಿಯ ಮರ್ಯಾದೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ವೈದ್ಯರು, ಒಬ್ಬರು ಇಂಜಿನಿಯರು, ಒಬ್ಬರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಪಿಯುಸಿ ಓದಿ, ಜಿಲ್ಲಾ ಕೇಂದ್ರದ ಒಂದು ದಿನಸಿ ಮಳಿಗೆಯಲ್ಲಿ ಮೂವತ್ತೆರಡು ವರ್ಷ ಬಿಲ್ ಮಾಡಿದವಳು. ಅಷ್ಟೂ ವರ್ಷ ನನ್ನ ಕಣ್ಣೆದುರಿಗೆ ಇದ್ದದ್ದು ಒಂದೇ ನೋಟ, ಜನರ ಸಾಲು. ಈ ಗೋಷ್ಠಿಯ ಸಂಚಾಲಕರು ಫೋನ್ ಮಾಡಿ "ಅಕ್ಕ, ನೀವು ಯಾವುದರ ಬಗ್ಗೆ ಮಾತಾಡ್ತೀರಿ?" ಎಂದು ಕೇಳಿದರು. "ಸಾಲಿನ ಬಗ್ಗೆ" ಎಂದೆ. "ಸಾಲದ ಬಗ್ಗೆನಾ? ಒಳ್ಳೇದು, ರೈತರಿಗೆ ಉಪಯೋಗ ಆಗುತ್ತೆ" ಎಂದರು. ಸಾಲ ಅಲ್ಲಪ್ಪ, ಸಾಲು ಎಂದು ತಿದ್ದಬೇಕಾಯಿತು. ಎರಡಕ್ಕೂ ಒಂದು ಹೋಲಿಕೆ ಇದೆ. ಎರಡರಲ್ಲೂ ಇನ್ನೊಬ್ಬರದ್ದನ್ನು ಇಟ್ಟುಕೊಂಡರೆ ಹಿಂದಿರುಗಿಸಬೇಕು.

ಸಾಲಿನಲ್ಲಿ ನಿಲ್ಲದೆ ಬದುಕಿದವರು ಈ ಸಭೆಯಲ್ಲಿ ಒಬ್ಬರೂ ಇಲ್ಲ. ನ್ಯಾಯಬೆಲೆ ಅಂಗಡಿ, ಗ್ಯಾಸ್ ಸಿಲಿಂಡರು, ಯೂರಿಯಾ ಗೊಬ್ಬರ, ಹಾಲಿನ ಡೇರಿ, ಪಹಣಿ, ಆಸ್ಪತ್ರೆಯ ಚೀಟಿ, ಈಗ ಪೇಟೆಯ ದೊಡ್ಡ ಅಂಗಡಿಗಳ ಬಿಲ್ ಕೌಂಟರು. ನಿಲ್ಲುವುದು ಎಲ್ಲರಿಗೂ ಗೊತ್ತು. ಹೇಗೆ ನಿಲ್ಲಬೇಕು ಎಂದು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನನಗೆ ಅದರ ಮೊದಲ ಪಾಠವಾದದ್ದು ಇದೇ ಅಂಗಳದಲ್ಲಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ. ಗಿಡ್ಡವರು ಮುಂದೆ, ಉದ್ದದವರು ಹಿಂದೆ. ಯಾರ ಮಗಳು ಎಂದು ನೋಡಿ ಯಾರನ್ನೂ ಮುಂದೆ ನಿಲ್ಲಿಸಲಿಲ್ಲ.

ಕ್ಯೂ ಎನ್ನುವುದು ಫ್ರೆಂಚ್ ಭಾಷೆಯಿಂದ ಬಂದ ಮಾತು. ಅಲ್ಲಿ ಅದಕ್ಕೆ ಬಾಲ ಎಂದು ಅರ್ಥ. ನಮ್ಮಲ್ಲಿ ಸರದಿ, ಸರತಿ, ಪಾಳಿ ಎನ್ನುತ್ತೇವೆ. ಬಾಲ ಎಂದರೆ ಒಂದರ ಹಿಂದೆ ಒಂದು, ಅಷ್ಟೆ. ಸರದಿ ಎಂದಾಗ ಅದರಲ್ಲಿ ಒಂದು ಒಪ್ಪಂದ ಇದೆ: ಈಗ ನಿಮ್ಮದು, ಆಮೇಲೆ ನನ್ನದು. ನಮ್ಮಲ್ಲಿ ಇನ್ನೊಂದು ಮಾತೂ ಉಂಟು, ಪಂಕ್ತಿ. ಮದುವೆಮನೆಯಲ್ಲಿ ಎಲ್ಲರ ಎಲೆಗೂ ಬಡಿಸಿ ಆಗುವ ತನಕ ಅನ್ನಕ್ಕೆ ಕೈ ಹಾಕುವುದಿಲ್ಲ. ಪಕ್ಕದವರ ಊಟ ಮುಗಿಯುವ ತನಕ ಎಲೆ ಬಿಟ್ಟು ಏಳುವುದಿಲ್ಲ. ಒಂದು ಎಲೆಗೆ ತುಪ್ಪ ಧಾರಾಳವಾಗಿ ಬಿದ್ದು ಇನ್ನೊಂದು ಎಲೆಗೆ ಹನಿ ಬಿದ್ದರೆ ಅದು ಪಂಕ್ತಿಭೇದ, ದೊಡ್ಡ ದೋಷ ಎಂದು ಹಿರಿಯರು ಹೇಳುತ್ತಿದ್ದರು. ಒಳ್ಳೆಯ ಮಾತೇ. ಆದರೆ ಆ ಪಂಕ್ತಿಯಲ್ಲಿ ಯಾರು ಕೂರಬಹುದು, ಯಾರು ಅಂಗಳದಾಚೆ ಕಾಯಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಈ ಊರಿನವರಿಗೆ ನಾನು ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯ ಸಾಲು ಆ ಬಾಗಿಲನ್ನು ತೆಗೆಯಿತು. ಅದು ನಿಮ್ಮ ಜಾತಿ ಕೇಳುವುದಿಲ್ಲ, ಜಮೀನು ಎಷ್ಟು ಎಕರೆ ಎಂದು ಕೇಳುವುದಿಲ್ಲ, ಸೀರೆ ರೇಷ್ಮೆಯದೋ ನೂಲಿನದೋ ಎಂದು ನೋಡುವುದಿಲ್ಲ. ಯಾರು ಮೊದಲು ಬಂದರು ಎಂಬುದೊಂದನ್ನೇ ಕೇಳುತ್ತದೆ. ಕೂಲಿಯವಳ ಒಂದು ಗಂಟೆಯೂ ಸಾಹುಕಾರರ ಒಂದು ಗಂಟೆಯೂ ಒಂದೇ ತೂಕ ತೂಗುವ ಜಾಗ ನಮ್ಮ ಬದುಕಿನಲ್ಲಿ ಬಹಳ ಇಲ್ಲ. ಅದಕ್ಕೇ ಸಾಲು ಮುರಿಯುವುದನ್ನು ನಾನು ಸಣ್ಣ ತಪ್ಪು ಎಂದು ಎಣಿಸುವುದಿಲ್ಲ.

ಇನ್ನು ಸ್ವಲ್ಪ ಲೆಕ್ಕ. ಗಣಿತದ ಮೇಷ್ಟರು ಎದುರಿಗೇ ಕುಳಿತಿದ್ದಾರೆ, ತಪ್ಪಿದರೆ ತಿದ್ದಲಿ. ಸಾಲಿನ ಬಗ್ಗೆ ಮೊದಲು ಗಣಿತ ಹಾಕಿದವರಲ್ಲಿ ಡೆನ್ಮಾರ್ಕ್ ದೇಶದ ಎರ್ಲಾಂಗ್ ಎಂಬುವರು ಹೆಸರುವಾಸಿ. ಅವರು ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಎಷ್ಟು ಲೈನುಗಳಿದ್ದರೆ ಫೋನ್ ಮಾಡುವವರು ಬಹಳ ಹೊತ್ತು ಕಾಯಬೇಕಾಗುವುದಿಲ್ಲ ಎಂಬುದು ಅವರ ಮುಂದಿದ್ದ ಪ್ರಶ್ನೆ. 1909ರಲ್ಲಿ ಅವರು ಅದರ ಬಗ್ಗೆ ಮೊದಲ ಪ್ರಬಂಧ ಪ್ರಕಟಿಸಿದರು. ಇವತ್ತು ಬ್ಯಾಂಕು, ಆಸ್ಪತ್ರೆ, ವಿಮಾನ ನಿಲ್ದಾಣ, ಅಂಗಡಿ ಎಲ್ಲದರ ಸಾಲಿಗೂ ಆ ಗಣಿತ ಬಳಕೆಯಾಗುತ್ತದೆ.

ಅದರಲ್ಲಿ ಒಂದು ಲೆಕ್ಕ ನಿಮಗೆ ಆಶ್ಚರ್ಯ ತರುತ್ತದೆ. ಒಂದು ಬಿಲ್ಲಿಗೆ ಸರಾಸರಿ 2 ನಿಮಿಷ ಎಂದುಕೊಳ್ಳಿ. ಹಾಗಾದರೆ ಒಂದು ಕೌಂಟರು ಗಂಟೆಗೆ 30 ಜನರನ್ನು ಕಳಿಸಬಲ್ಲದು. ಜನ ಹೇಳಿ ಕೇಳಿ ಬರುವುದಿಲ್ಲ, ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಾರೆ. ಒಬ್ಬರದು ಒಂದು ಸೋಪು, ಇನ್ನೊಬ್ಬರದು ತಿಂಗಳ ಸಾಮಾನು. ಹೀಗಿರುವಾಗ ಗಂಟೆಗೆ 15 ಜನ ಬಂದರೆ, ಬಿಲ್ ಮಾಡಿಸುತ್ತಿರುವವರೂ ಸೇರಿ ಕೌಂಟರಿನ ಮುಂದೆ ಸರಾಸರಿ ಇರುವವರು 1. ಗಂಟೆಗೆ 24 ಜನ ಬಂದರೆ 4. ಗಂಟೆಗೆ 27 ಆದರೆ 9. ಗಂಟೆಗೆ 29 ಆದರೆ 29. ಬರುವವರು ಇಬ್ಬರೇ ಹೆಚ್ಚಾದರು, ಸಾಲು ಮೂರು ಪಾಲು ಬೆಳೆಯಿತು. ಒಂದನೇ ತಾರೀಖಿನ ಸಂಜೆ, ಗೌರಿ ಹಬ್ಬದ ಹಿಂದಿನ ದಿನ ಸಾಲು ಬಾಗಿಲು ದಾಟುವುದು ಇದರಿಂದ. ಬಿಲ್ ಮಾಡುವ ಹುಡುಗಿ ನಿಧಾನ ಎಂದು ನೀವು ಬೈಯುವ ಹೊತ್ತಿನಲ್ಲಿ ಅವಳು ನಿನ್ನೆಯಷ್ಟೇ ವೇಗವಾಗಿ ಕೈ ಆಡಿಸುತ್ತಿರುತ್ತಾಳೆ.

"ನಾನು ನಿಂತ ಸಾಲೇ ನಿಧಾನ, ಪಕ್ಕದ್ದೇ ಬೇಗ, ನನ್ನ ಹಣೆಬರಹ" ಎನ್ನುವವರಿಗೂ ಒಂದು ಲೆಕ್ಕ ಇದೆ. ಮೂರು ಸಾಲು ಇವೆ ಎಂದುಕೊಳ್ಳಿ, ಮೂರೂ ಒಂದೇ ಥರ. ನೀವು ನಿಂತ ಸಾಲೇ ಎಲ್ಲಕ್ಕಿಂತ ಬೇಗ ಸಾಗುವ ಸಂಭವ ಮೂರರಲ್ಲಿ ಒಂದು. ಉಳಿದ ಎರಡು ಪಾಲು ಪಕ್ಕದ ಯಾವುದೋ ಒಂದು ಸಾಲು ನಿಮ್ಮನ್ನು ಹಿಂದೆ ಹಾಕೇ ಹಾಕುತ್ತದೆ. ಹಣೆಬರಹದ ಮಾತು ಇಲ್ಲಿ ಬರುವುದಿಲ್ಲ. ಆದ್ದರಿಂದಲೇ ಈಗ ಹಲವು ಕಡೆ ಎಲ್ಲರಿಗೂ ಒಂದೇ ಸಾಲು ಮಾಡಿ, ಮುಂದಿರುವವರನ್ನು ಖಾಲಿಯಾದ ಕೌಂಟರಿಗೆ ಕಳಿಸುತ್ತಾರೆ. ಸಾಲು ನೋಡಲು ಉದ್ದ ಕಾಣುತ್ತದೆ, ಆದರೆ ಹಿಂದೆ ಬಂದವರು ನಿಮಗಿಂತ ಮುಂದೆ ಹೋಗುವುದಿಲ್ಲ.

ಈಗ ಇನ್ನೊಂದು ಲೆಕ್ಕ, ಇದು ನಮ್ಮ ನಡತೆಗೆ ಸೇರಿದ್ದು. ನಿಮ್ಮ ಹಿಂದೆ 9 ಜನ ಇದ್ದಾರೆ. ಬಿಲ್ ಕೈಗೆ ಬಂದ ಮೇಲೆ ನೀವು ಚೀಲದೊಳಗಿನ ಪರ್ಸು, ಪರ್ಸಿನೊಳಗಿನ ದುಡ್ಡು ಹುಡುಕಲು ಒಂದು ನಿಮಿಷ ತೆಗೆದುಕೊಂಡರೆ, ಖರ್ಚಾಗುವುದು 9 ಜನರ ಒಂದೊಂದು ನಿಮಿಷ. ಒಬ್ಬರು ನಡುವೆ ನುಗ್ಗಿ 2 ನಿಮಿಷದ ಬಿಲ್ ಮಾಡಿಸಿಕೊಂಡರೆ ಹಿಂದಿನ 9 ಜನರಿಂದ 18 ನಿಮಿಷ ಹೋಯಿತು. ಆ 9 ಜನರಲ್ಲಿ ಒಬ್ಬಳಿಗೆ ಕೊನೆಯ ಬಸ್ಸಿರಬಹುದು, ಒಬ್ಬಳ ಕೂಸು ಮನೆಯಲ್ಲಿ ಹಾಲಿಗೆ ಅಳುತ್ತಿರಬಹುದು. ಜೇಬಿಗೆ ಕೈ ಹಾಕಿದವನನ್ನು ಕಳ್ಳ ಎನ್ನುತ್ತೇವೆ. ಹೊತ್ತಿಗೆ ಕೈ ಹಾಕಿದವನನ್ನು "ಚುರುಕಾಗಿದ್ದಾನೆ" ಎನ್ನುತ್ತೇವೆ.

ಇದೆಲ್ಲಕ್ಕೂ ಯಂತ್ರ ಬಂದಿದೆಯಲ್ಲ ಎನ್ನಬಹುದು. ನಾನು ಕೆಲಸಕ್ಕೆ ಸೇರಿದಾಗ ಕಾರ್ಬನ್ ಹಾಳೆ ಇಟ್ಟು ಬಿಲ್ ಪುಸ್ತಕದಲ್ಲಿ ಬರೆಯುತ್ತಿದ್ದೆವು, ಕೂಡುವುದು ಬಾಯಿಲೆಕ್ಕ. ಆಮೇಲೆ ಕಂಪ್ಯೂಟರು ಬಂತು, ಬಾರ್‌ಕೋಡ್ ಓದುವ ಯಂತ್ರ ಬಂತು. ಈ ಬಾರ್‌ಕೋಡ್ ನಮ್ಮ ಶಾಲೆಯ ಓರಗೆಯದು. 1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣವನ್ನು ಮೊದಲ ಬಾರಿಗೆ ಹಾಗೆ ಬಿಲ್ ಮಾಡಿದರು. 2016ರಲ್ಲಿ ಯುಪಿಐ ಬಂತು, ಚಿಲ್ಲರೆಯ ಜಗಳ ಬಹುಮಟ್ಟಿಗೆ ಹೋಯಿತು. ಆದರೂ ಸಾಲು ಹೋಗಲಿಲ್ಲ. ಯಂತ್ರಕ್ಕೆ ಪೊಟ್ಟಣದ ಬೆಲೆ ಗೊತ್ತಾಗುತ್ತದೆ, ಎದುರಿಗೆ ನಿಂತವರ ಅವಸರ ಗೊತ್ತಾಗುವುದಿಲ್ಲ. ಅದು ಸಾಲಿನಲ್ಲಿ ನಿಂತ ನಮಗೇ ಗೊತ್ತಾಗಬೇಕು.

ನಮ್ಮೂರಿನಲ್ಲಿ ಸೀಮೆಎಣ್ಣೆಗೆ ಡಬ್ಬಿ ಸಾಲು ಇಡುತ್ತಿದ್ದದ್ದು ಹಿರಿಯರಿಗೆ ನೆನಪಿದೆ. ಬೆಳಗ್ಗೆ ಕಸ ಗುಡಿಸುವ ಮೊದಲೇ ಡಬ್ಬಿ ಇಟ್ಟು ಬರುತ್ತಿದ್ದೆವು. ಡಬ್ಬಿ ಇಲ್ಲದವರು ಕಲ್ಲು ಇಡುತ್ತಿದ್ದರು. ಸಾಲು ಸರಿದಾಗ ಹಿಂದಿನವರು ಮುಂದಿನ ಡಬ್ಬಿಯನ್ನೂ ಸರಿಸಿ ಕೊಡುತ್ತಿದ್ದರು. ಬರೆದಿಡದ ಎರಡು ಕಾನೂನು ಇದ್ದವು: ಒಂದು ಡಬ್ಬಿಗೆ ಒಬ್ಬ ಮನುಷ್ಯ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಡಬ್ಬಿಯ ಹಿಂದೆ ಆಳು ಇರಬೇಕು. ಈಗ ಪೇಟೆಯ ಅಂಗಡಿಗಳಲ್ಲಿ ಗಾಡಿಯನ್ನು ಸಾಲಿನಲ್ಲಿ ನಿಲ್ಲಿಸಿ "ಒಂದು ನಿಮಿಷ" ಎಂದು ಸಾಮಾನು ಆರಿಸಲು ಹೋದವರು ಹತ್ತು ನಿಮಿಷಕ್ಕೆ ಬರುತ್ತಾರೆ. ಓದು ಬರಹ ಇಲ್ಲದ ನಮ್ಮ ಅಜ್ಜಿಯರ ಕಾನೂನು ಇದಕ್ಕಿಂತ ಮೇಲಿತ್ತು.

ಹಾಗಾದರೆ ಯಾರನ್ನೂ ಮುಂದೆ ಬಿಡಬಾರದೇ? ಬಿಡಬೇಕು. ತುಂಬು ಗರ್ಭಿಣಿ, ಕೋಲು ಊರಿ ನಿಂತ ಮುದುಕರು, ಅಂಗವಿಕಲರು, ಕಂಕುಳಲ್ಲಿ ಅಳುವ ಕೂಸು ಇರುವ ತಾಯಿ, ಇವರು ಬಾಯಿಬಿಟ್ಟು ಕೇಳುವ ಮೊದಲೇ ನಾವು ಕರೆಯಬೇಕು. ಆದರೆ ಅಲ್ಲಿ ಒಂದು ಸೂಕ್ಷ್ಮ ಇದೆ. ನಾನು ಒಬ್ಬರನ್ನು ನನ್ನ ಮುಂದೆ ಬಿಟ್ಟುಕೊಂಡರೆ ನನ್ನ ಹೊತ್ತನ್ನು ಮಾತ್ರ ಕೊಟ್ಟಂತಲ್ಲ, ನನ್ನ ಹಿಂದಿರುವ ಎಲ್ಲರ ಹೊತ್ತನ್ನೂ ಕೊಟ್ಟಂತೆ. ಆದ್ದರಿಂದ ಹಿಂತಿರುಗಿ ಒಂದು ಮಾತು ಕೇಳಬೇಕು: "ಇವರನ್ನ ಬಿಡೋಣ್ವಾ?" ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಸಾಲು ಬೇಡ ಎಂದದ್ದನ್ನು ನಾನು ಕಂಡಿಲ್ಲ. ಕೇಳದೇ ಬಿಟ್ಟಾಗ ಗೊಣಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ನೆಂಟರು, ಗೆಳೆಯರು, ಒಂದೇ ಓಣಿಯವರು ಎಂದು ಸೇರಿಸಿಕೊಳ್ಳುವ ಆಸೆಯಾದರೆ ದಾರಿ ಇದೆ. ನಿಮ್ಮ ಜಾಗ ಅವರಿಗೆ ಕೊಟ್ಟು ನೀವು ಸಾಲಿನ ಕೊನೆಗೆ ಹೋಗಿ. ಅದು ನಿಜವಾದ ದಾನ.

ಹೆಣ್ಣುಮಕ್ಕಳ ಪರವಾಗಿ ಒಂದು ಮಾತು. ಹಿಂದಿನವರು ಮೈಗೆ ತಾಗುವಷ್ಟು ಒತ್ತಿ ನಿಂತರೆ ಮುಂದಿನವರ ಬಿಲ್ ಬೇಗ ಆಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಅಂಗಡಿಯ ಮುಂದೆ ಸುಣ್ಣದಲ್ಲಿ ವೃತ್ತ ಬರೆದು ನಿಲ್ಲಿಸಿದ್ದರು. ರೋಗದ ಭಯಕ್ಕೆ ಬರೆದ ಗೆರೆ ಅದು. ಆದರೆ ಆ ಕೆಲವು ತಿಂಗಳು ನೆಮ್ಮದಿಯಾಗಿ ಸಾಲಿನಲ್ಲಿ ನಿಂತೆವು ಎಂದು ನನಗೆ ಹೇಳಿದ ಹೆಂಗಸರು ಒಬ್ಬಿಬ್ಬರಲ್ಲ. ಸುಣ್ಣ ಅಳಿಸಿಹೋಗಿದೆ. ಆ ಗೆರೆ ಗಂಡಸರ ಮನಸ್ಸಿನಲ್ಲಿ ಉಳಿಯಲಿ.

ಕೌಂಟರಿನ ಈಚೆಯವರ ಕಷ್ಟವನ್ನೂ ಸ್ವಲ್ಪ ಕೇಳಿ. ನಾವು ದಿನಕ್ಕೆ ಎಂಟು ಗಂಟೆ ನಿಂತಿರುತ್ತಿದ್ದೆವು. ರಾತ್ರಿ ಲೆಕ್ಕ ತಾಳೆಯಾಗದಿದ್ದರೆ ಕಡಿಮೆ ಬಿದ್ದದ್ದು ನಮ್ಮ ಕೈಯಿಂದ. ಅದಕ್ಕೇ ನೋಟನ್ನು ಎರಡು ಸಲ ಎಣಿಸುತ್ತಿದ್ದೆವು, ನಿಮ್ಮನ್ನು ಕಾಯಿಸಬೇಕು ಎಂದಲ್ಲ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕು ಎಂದು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನು ತಂದರು. ಆ ಸುದ್ದಿ ಓದಿದ ದಿನ ನನ್ನ ಮೊಣಕಾಲು ಎರಡೂ ಕೈಯೆತ್ತಿ ಮುಗಿದವು. ನೀವು ಫೋನಿನಲ್ಲಿ ಮಾತಾಡುತ್ತಾ, ಮುಖ ಕೂಡ ನೋಡದೆ ಕಾರ್ಡು ಚಾಚಿದರೆ ಆಚೆ ಇರುವವಳೂ ಮನುಷ್ಯಳು ಎಂಬುದು ಮರೆತಂತೆ. ಇನ್ನು ಕೆಲವರು ದುಡ್ಡನ್ನು ಕೈಗೆ ಕೊಡದೆ ಹಲಗೆಯ ಮೇಲೆ ಎಸೆಯುತ್ತಾರೆ, ಚಿಲ್ಲರೆಯನ್ನೂ ಕೈಯಿಂದ ತೆಗೆದುಕೊಳ್ಳುವುದಿಲ್ಲ, "ಅಲ್ಲಿಡಿ" ಎನ್ನುತ್ತಾರೆ. ಆ ಅಭ್ಯಾಸ ಎಲ್ಲಿಂದ ಬಂತು ಎಂದು ಯೋಚಿಸಿ. ಮಕ್ಕಳೆ, ನೀವು ದುಡ್ಡನ್ನು ಕೈಗೇ ಕೊಡಿ.

ಇನ್ನು ತಾಳ್ಮೆ. ತಾಳ್ಮೆ ಎಂದರೆ ಆಗಿದ್ದನ್ನೆಲ್ಲ ನುಂಗಿಕೊಂಡು ಸುಮ್ಮನಿರುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ಒಂದು ಹಬ್ಬದ ಹಿಂದಿನ ಸಂಜೆ. ಸಾಲಿನಲ್ಲಿ ಹತ್ತಾರು ಜನ. ಮುಂದಿನ ಸರದಿ ಕೂಲಿ ಕೆಲಸದ ಒಬ್ಬ ತಾಯಿಯದು. ಬೆಲ್ಲ, ತೊಗರಿಬೇಳೆ, ಒಂದು ಎಣ್ಣೆ ಪ್ಯಾಕೆಟು. ಆರೂವರೆಗೆ ಅವರೂರಿನ ಕೊನೆಯ ಬಸ್ಸು. ಅಷ್ಟರಲ್ಲಿ ಒಬ್ಬ ಮುಖಂಡರ ಕಡೆಯವರು ಮೂರು ತುಂಬಿದ ಬುಟ್ಟಿ ತಂದು ಆಕೆಯ ಸಾಮಾನು ಪಕ್ಕಕ್ಕೆ ತಳ್ಳಿ ಇಟ್ಟರು. "ಸಾಹೇಬರು ಕಾರಲ್ಲಿ ಕಾಯ್ತಾವ್ರೆ, ಬೇಗ ಮಾಡಿ." ಒಳಗಿನಿಂದ ಮೇಲಿನವರ ದನಿಯೂ ಬಂತು: "ಅವರದ್ದು ಮೊದಲು ಮಾಡಿ ಕಳಿಸಮ್ಮ." ಆ ತಾಯಿ ಏನೂ ಹೇಳಲಿಲ್ಲ, ಗೋಡೆಯ ಗಡಿಯಾರ ನೋಡಿದರು. ನಾನು "ಇವರ ಸರದಿ ಸಾರ್, ಆಮೇಲೆ ಸಾಲಿನಲ್ಲಿ ಬರಲಿ, ಮಾಡಿಕೊಡ್ತೀನಿ" ಎಂದು ಬೆಲ್ಲದ ಬಿಲ್ ಹೊಡೆದೆ. ಆಕೆಗೆ ಬಸ್ಸು ಸಿಕ್ಕಿತು. ನನಗೆ ಮುಂದಿನ ವಾರ ಗೋದಾಮು ಸಿಕ್ಕಿತು. ಮೂರು ತಿಂಗಳು ಮೂಟೆ ಎಣಿಸುವ ಕೆಲಸ.

ಆವತ್ತು ನನ್ನ ಮನಸ್ಸಿಗೆ ಚುಚ್ಚಿದ್ದು ಗೋದಾಮಲ್ಲ. ಸಾಲಿನಲ್ಲಿದ್ದ ಒಬ್ಬರೂ ತುಟಿ ಬಿಚ್ಚಲಿಲ್ಲ. ಬಿಲ್ ಆದ ಮೇಲೆ ಇಬ್ಬರು ಮೆತ್ತಗೆ "ಒಳ್ಳೇ ಕೆಲಸ ಮಾಡಿದ್ರಿ" ಎಂದು ಪಿಸುಗುಟ್ಟಿ ಹೋದರು. ಆದರೆ ಕೆಲವು ವಾರದ ಮೇಲೆ ನಿವೃತ್ತ ಮೇಷ್ಟರೊಬ್ಬರು ಮಳಿಗೆಯ ದೂರು ಪುಸ್ತಕ ಕೇಳಿ ಪಡೆದು ಬರೆದರಂತೆ: "ಸರದಿ ಪ್ರಕಾರ ಬಿಲ್ ಮಾಡುತ್ತಿದ್ದವರನ್ನು ಯಾಕೆ ಕಳಿಸಿದ್ದೀರಿ?" ಅದರ ಕೆಳಗೆ ಸಹಿಗಳು ಬಿದ್ದವು. ಒಂದೆರಡು ಹೆಬ್ಬೆಟ್ಟು ಗುರುತೂ ಇದ್ದವು. ನಾನು ಕೌಂಟರಿಗೆ ವಾಪಸು ಬಂದೆ. ಸಾಲು ಬಾಯಿ ಬಿಡಲು ತಡ ಮಾಡಿತು, ಆದರೆ ಬಿಟ್ಟಿತು. ಕಾಯುವುದು ತಾಳ್ಮೆ. ಅನ್ಯಾಯ ಕಂಡಾಗ ದನಿ ಏರಿಸದೆ ಹೇಳುವುದೂ ತಾಳ್ಮೆಯೇ.

ಹೇಳುವ ರೀತಿಯೂ ಇದೆ. "ಏನ್ರೀ, ಕಣ್ಣು ಕಾಣಲ್ವಾ?" ಎಂದರೆ ಜಗಳ. "ಅಣ್ಣ, ಸಾಲು ಅಲ್ಲಿಂದ ಶುರುವಾಗುತ್ತೆ, ನೀವು ನೋಡಲಿಲ್ಲ ಅನ್ಸುತ್ತೆ" ಎಂದರೆ ಎದುರಿನವರಿಗೆ ಮರ್ಯಾದೆಯಿಂದ ಹಿಂದೆ ಹೋಗಲು ಒಂದು ಬಾಗಿಲು ತೆಗೆದಂತೆ. ಬಹಳ ಮಂದಿ ಆ ಬಾಗಿಲಲ್ಲಿ ಹೋಗುತ್ತಾರೆ. ಹೋಗದಿದ್ದರೆ ಸಾಲಿನಲ್ಲಿರುವ ಇನ್ನೊಬ್ಬರು ಅದೇ ಮಾತನ್ನು ಅಷ್ಟೇ ಮೆತ್ತಗೆ ಹೇಳಬೇಕು. ಒಬ್ಬರು ಹೇಳಿದರೆ ತಂಟೆ, ಇಬ್ಬರು ಹೇಳಿದರೆ ನಿಯಮ.

ಅಪರಿಚಿತರು ಸೇರಿ ನಿಯಮ ಕಟ್ಟಿಕೊಳ್ಳಬಲ್ಲರು ಎಂಬುದನ್ನು 2016ರ ನವೆಂಬರಿನಲ್ಲಿ ನಾನು ಕಂಡೆ. 8ರ ರಾತ್ರಿ 500, 1000 ರೂಪಾಯಿ ನೋಟು ನಿಂತವು. 10ರಂದು ಬ್ಯಾಂಕು ತೆರೆದಾಗ ಒಬ್ಬರಿಗೆ 4000 ರೂಪಾಯಿ ತನಕ ಬದಲಿಸಿಕೊಡುತ್ತಿದ್ದರು. ರಜೆ ಹಾಕಿ ನಾನೂ ನಿಂತೆ. ನಮ್ಮ ಸಾಲಿನಲ್ಲಿ ಯಾರೋ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಹೆಸರು, ನಂಬರು ಬರೆದುಕೊಳ್ಳತೊಡಗಿದರು. ನೀರು ಕುಡಿಯಲು, ಮೂತ್ರಕ್ಕೆ ಹೋಗಿ ಬಂದವರಿಗೆ ಅವರ ನಂಬರಿನ ಜಾಗವೇ ಸಿಗುತ್ತಿತ್ತು. ಪೊಲೀಸರು ಹೇಳಿರಲಿಲ್ಲ, ಬ್ಯಾಂಕಿನವರು ಹೇಳಿರಲಿಲ್ಲ. ಕಷ್ಟದ ದಿನ ಅಷ್ಟು ಚೆನ್ನಾಗಿ ನಿಂತವರು ಸುಖದ ದಿನ ಯಾಕೆ ನುಗ್ಗುತ್ತೇವೆ?

ಮಾತು ಉದ್ದವಾಯಿತು. ನನ್ನ ಹಿಂದೆಯೂ ಮಾತಾಡುವವರು ಇಬ್ಬರಿದ್ದಾರೆ, ಅವರ ಹೊತ್ತನ್ನು ನಾನು ಕದಿಯಬಾರದು. ಕೊನೆಗೊಂದು ಬೇಡಿಕೆ. ಇನ್ನು ಸ್ವಲ್ಪ ಹೊತ್ತಿಗೆ ಊಟದ ಗಂಟೆ ಹೊಡೆಯುತ್ತದೆ. ಗಣ್ಯರಿಗೆ ಆ ಕೊಠಡಿಯಲ್ಲಿ ಬೇರೆ ಮೇಜು ಹಾಕಿದ್ದಾರೆ ಎಂದು ಕೇಳಿದೆ. ಹಾಕಿದವರದ್ದು ಪ್ರೀತಿಯೇ, ಅನುಮಾನ ಇಲ್ಲ. ಆ ಮೇಜಿನಲ್ಲಿ ಕಾಲು ನೋವಿನ ಹಿರಿಯರು, ನಮ್ಮ ವಯಸ್ಸಾದ ಗುರುಗಳು ಕೂರಲಿ. ಉಳಿದ ನಾವು, ಅಧ್ಯಕ್ಷರು, ಅಧಿಕಾರಿಗಳು, ಶಾಲು ಹೊದೆಸಿಕೊಂಡ ನಾನು, ತಟ್ಟೆ ಹಿಡಿದು ಈ ಮಕ್ಕಳ ಹಿಂದೆ ಸಾಲಿನಲ್ಲಿ ನಿಲ್ಲೋಣ. ಅವರು ಬೆಳಗಿನಿಂದ ಕಾದಿದ್ದಾರೆ, ಮೊದಲ ಸರದಿ ಅವರದು. ನಾವು ಹೇಳಿದ್ದನ್ನು ಮಕ್ಕಳು ಮರೆಯಬಹುದು. ನಾವು ಎಲ್ಲಿ ನಿಂತೆವು ಎಂಬುದನ್ನು ಮರೆಯುವುದಿಲ್ಲ.

ನನಗೆ ಸಾಲಿನಲ್ಲಿ ನಿಲ್ಲಲು ಕಲಿಸಿದ ಈ ಶಾಲೆ ನೂರು ವರ್ಷ ಬಾಳಲಿ.